ಮುಗಿಯದ್ದು ಮತ್ತು ಮುಗಿಸದ್ದು

ನಾನು ಸೇವೆಯ ಕೊನೆಯ ವರ್ಷಗಳನ್ನು ಮುಖ್ಯೋಪಾಧ್ಯಾಯನಾಗಿ ಕಳೆದ ಪ್ರೌಢಶಾಲೆಯ ಜಗಲಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಬರೆದವರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಕೆರೆಯ ಏರಿಯ ಮೇಲೆ ಮಕ್ಕಳು ಸಾಲಾಗಿ ಶಾಲೆಗೆ ಹೋಗುತ್ತಿರುವ ದೃಶ್ಯ. ಮುಂದಿನ ಹುಡುಗನ ಕಂಕುಳಲ್ಲಿ ಸ್ಲೇಟು, ಅವನ ಹಿಂದಿನ ಹುಡುಗಿಯ ಜಡೆಯಲ್ಲಿ ಕೆಂಪು ಟೇಪು, ಅವಳ ಹಿಂದೆ ತಮ್ಮನ ಕೈ ಹಿಡಿದೆಳೆಯುತ್ತಿರುವ ಅಕ್ಕ. ಸಾಲಿನ ಕಟ್ಟಕಡೆಯ ಮಗುವಿಗೆ ಮಾತ್ರ ಬಣ್ಣವಿರಲಿಲ್ಲ. ಕೆಮ್ಮಣ್ಣಿನಲ್ಲಿ ಎಳೆದ ನಾಲ್ಕಾರು ಗೆರೆಗಳು, ಮುಖದ ಜಾಗದಲ್ಲಿ ಗೋಡೆಯ ಸುಣ್ಣದ ಬಿಳುಪು, ಅಷ್ಟೆ. ಮೇಷ್ಟ್ರು ನಿವೃತ್ತರಾಗುವ ವಾರ ನಾನು, "ಅದೊಂದನ್ನು ಮುಗಿಸಿಬಿಡಿ ಮೇಷ್ಟ್ರೇ" ಎಂದೆ. ಅವರು ಗೋಡೆಯನ್ನೊಮ್ಮೆ ನೋಡಿ, "ಇಷ್ಟು ಸಾಕು ಸಾರ್" ಎಂದರು. ಹೊರಡುವ ಮನುಷ್ಯನಿಗೆ ಕೆಲಸದಲ್ಲಿ ಮನಸ್ಸಿಲ್ಲವೆಂದು ನಾನು ತಿಳಿದೆ.

ಎರಡು ವರ್ಷಗಳ ನಂತರ ಶಾಲೆಯ ಸುವರ್ಣ ಮಹೋತ್ಸವ ಬಂತು. ಗೋಡೆಗಳಿಗೆ ಸುಣ್ಣ, ಬಾಗಿಲುಗಳಿಗೆ ಬಣ್ಣ, ಊರಿನ ಗಣ್ಯರ ಆಗಮನ. ಬೋರ್ಡು ಬರೆಯಲು ಬಂದಿದ್ದ ಪೇಂಟರಿಗೆ ನಾನೇ ಹೇಳಿದೆ, ಆ ಕೊನೆಯ ಮಗುವನ್ನೂ ಪೂರ್ತಿ ಮಾಡಿಬಿಡು ಎಂದು. ಅರ್ಧ ದಿನದ ಕೆಲಸ. ನೀಲಿ ಚಡ್ಡಿ, ಬಿಳಿ ಅಂಗಿ, ದುಂಡು ಮುಖ, ನಗು. ಆ ದಿನ ನನಗೆ ಅದು ಅಚ್ಚುಕಟ್ಟಾಗಿಯೇ ಕಂಡಿತು.

ಈಗ ಬಿಡುವಿದೆ. ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದಿದ್ದ ಯೂರೋಪಿನ ಕಲೆಯ ಚರಿತ್ರೆಯನ್ನು ಇತ್ತೀಚೆಗೆ ನಿಧಾನವಾಗಿ ಓದುತ್ತಿದ್ದೇನೆ. ಓದಿದಂತೆಲ್ಲ ಆ ಗೋಡೆ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತದೆ. ಅಪೂರ್ಣವಾಗಿ ಉಳಿದ ಕೃತಿಗಳ ಬಗ್ಗೆ ಜನರಿಗಿರುವ ಮೋಹ ಇಂದಿನದಲ್ಲ. ಆ ಮೋಹಕ್ಕೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ, ಮತ್ತು ಆ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಕಾಡುತ್ತದೆ: ಇದು ಮುಗಿಯದೆ ಉಳಿದದ್ದೋ, ಮುಗಿಸದೆ ಬಿಟ್ಟದ್ದೋ? ಕನ್ನಡದಲ್ಲಿ ಈ ಎರಡು ಮಾತುಗಳ ನಡುವೆ ಒಂದೇ ಅಕ್ಷರದ ಅಂತರ. ಅರ್ಥದಲ್ಲಿ ಆ ಅಂತರ ಬಹು ದೊಡ್ಡದು.

ಈ ವಿಷಯವನ್ನು ಮೊದಲು ಗಮನಿಸಿ ಬರೆದಿಟ್ಟವರಲ್ಲಿ ರೋಮಿನ ಹಿರಿಯ ಪ್ಲಿನಿ ಒಬ್ಬ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಪ್ರಾಣ ಬಿಟ್ಟವನು. ತನ್ನ 'ನೈಸರ್ಗಿಕ ಇತಿಹಾಸ' ಎಂಬ ಬೃಹದ್ಗ್ರಂಥದಲ್ಲಿ ಚಿತ್ರಕಲೆಯ ವಿಷಯಕ್ಕೆ ಬಂದಾಗ ಆತ ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತಾನೆ. ಕೆಲವು ಕಲಾವಿದರು ಸಾಯುವಾಗ ಅರ್ಧಕ್ಕೆ ಬಿಟ್ಟುಹೋದ ಚಿತ್ರಗಳನ್ನು ಜನ ಅವರ ಪೂರ್ಣ ಚಿತ್ರಗಳಿಗಿಂತ ಹೆಚ್ಚು ಮೆಚ್ಚುತ್ತಾರಂತೆ. ಆತ ಎರಡು ಕಾರಣ ಕೊಡುತ್ತಾನೆ. ಒಂದು, ಅಂಥ ಚಿತ್ರದಲ್ಲಿ ಉಳಿದಿರುವ ಗೆರೆಗಳ ಮೂಲಕ ಕಲಾವಿದನ ಯೋಚನೆಯೇ ಕಾಣುತ್ತದೆ. ಎರಡು, ಕೆಲಸದ ನಡುವೆ ನಿಂತುಹೋದ ಕೈಯನ್ನು ನೆನೆದು ಹುಟ್ಟುವ ದುಃಖ. ಗ್ರೀಸಿನ ಮಹಾಚಿತ್ರಕಾರ ಅಪೆಲೀಸ್ ಕಾಸ್ ದ್ವೀಪದವರಿಗಾಗಿ ಒಂದು ವೀನಸ್ ದೇವತೆಯ ಚಿತ್ರವನ್ನು ಆರಂಭಿಸಿದ್ದ. ತನ್ನ ಹಿಂದಿನ ಪ್ರಸಿದ್ಧ ವೀನಸ್‌ಗಿಂತ ಇದು ಮಿಗಿಲಾಗಬೇಕೆಂಬುದು ಅವನ ಹಂಬಲ. ಸಾವು ಅಡ್ಡ ಬಂತು. ಅವನು ಹಾಕಿಟ್ಟಿದ್ದ ಗೆರೆಗಳನ್ನು ಹಿಡಿದು ಅದನ್ನು ಮುಗಿಸಲು ಯಾರೊಬ್ಬರೂ ಮುಂದೆ ಬರಲಿಲ್ಲವೆಂದು ಪ್ಲಿನಿ ಬರೆಯುತ್ತಾನೆ. ಇದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯಾಯಿತೆಂದು ಹೇಳಲೇಬೇಕು. ಅಪೆಲೀಸನ ನಾಡಿನವರಿಗೆ ಇದ್ದ ಹಿಂಜರಿಕೆ ನನಗೆ ಇರಲಿಲ್ಲ.

ಅದೇ ಗ್ರಂಥದ ಮುನ್ನುಡಿಯಲ್ಲಿ ಪ್ಲಿನಿ ವ್ಯಾಕರಣದ ಮಾತೊಂದನ್ನು ಎತ್ತುತ್ತಾನೆ. ಹಳೆಯ ಮಹಾಕಲಾವಿದರು ತಮ್ಮ ಕೃತಿಯ ಮೇಲೆ ಹೆಸರು ಹಾಕುವಾಗ 'ಇಂಥವನು ಮಾಡಿದನು' ಎಂದು ಬರೆಯದೆ 'ಇಂಥವನು ಮಾಡುತ್ತಿದ್ದನು' ಎಂದು ಬರೆಯುತ್ತಿದ್ದರಂತೆ. ಕೆಲಸ ಇನ್ನೂ ನಡೆಯುತ್ತಿದೆ, ತಿದ್ದಲು ಇನ್ನೂ ಅವಕಾಶವಿದೆ ಎಂಬ ವಿನಯ ಅದರಲ್ಲಿದೆ. 'ಮಾಡಿದನು' ಎಂದು ಮುಗಿಸಿ ಬರೆದ ಉದಾಹರಣೆ ಮೂರೇ ಮೂರು ಎಂದು ಆತ ಲೆಕ್ಕ ಕೊಡುತ್ತಾನೆ. ನಲವತ್ತು ವರ್ಷ ಮಕ್ಕಳಿಗೆ ಕಾಲಗಳ ರೂಪ ಹೇಳಿಸಿದ ನನಗೆ, ಒಂದು ಕ್ರಿಯಾಪದದ ಕಾಲದಲ್ಲಿ ಇಷ್ಟು ದೊಡ್ಡ ವಿಚಾರ ಅಡಗಿರಬಹುದೆಂದು ಹೊಳೆದಿರಲಿಲ್ಲ.

ಸಾವಿನಿಂದ ನಿಂತದ್ದು ಒಂದು ಬಗೆ. ಬೇಕೆಂದೇ ಒರಟಾಗಿ ಬಿಟ್ಟದ್ದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಸ್ಪಷ್ಟವಾದ ಸಾಕ್ಷಿ ದೊರೆಯುವುದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಅಲ್ಲಿನ ಪ್ರಧಾನ ಚರ್ಚಿನಲ್ಲಿ ಗಾಯಕರಿಗಾಗಿ ಎತ್ತರದಲ್ಲಿ ಎರಡು ಅಮೃತಶಿಲೆಯ ಅಟ್ಟಣೆಗಳನ್ನು 1430ರ ದಶಕದಲ್ಲಿ ಮಾಡಿಸಲಾಯಿತು. ಒಂದನ್ನು ಲೂಕಾ ದೆಲ್ಲ ರೊಬ್ಬಿಯ ಕೆತ್ತಿದ, ಇನ್ನೊಂದನ್ನು ದೊನಾತೆಲ್ಲೊ. ಲೂಕಾನ ಹಾಡುವ ಮಕ್ಕಳು ನುಣುಪಾದವರು, ಬೆರಳು ಬೆರಳೂ ತಿದ್ದಿದ್ದು. ದೊನಾತೆಲ್ಲೊನ ಕುಣಿಯುವ ಮಕ್ಕಳು ಒರಟು, ಹತ್ತಿರದಿಂದ ನೋಡಿದರೆ ಅವಸರದ ಕೆಲಸವೆನಿಸಬೇಕು. ಆದರೆ ಇವು ಇರುವುದು ನೋಡುವವನ ತಲೆಗಿಂತ ಬಹಳ ಎತ್ತರದಲ್ಲಿ. ಕೆಳಗಿನಿಂದ ನೋಡಿದಾಗ ಲೂಕಾನ ಸೂಕ್ಷ್ಮ ಕೆಲಸ ದೂರದಲ್ಲಿ ಕರಗಿಹೋಗುತ್ತದೆ, ದೊನಾತೆಲ್ಲೊನ ಮಕ್ಕಳು ಚಲಿಸುತ್ತಾರೆ ಎಂದು 16ನೆಯ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ಜಾರ್ಜೊ ವಸಾರಿ ವಿವರಿಸುತ್ತಾನೆ. ದೊನಾತೆಲ್ಲೊ ಬಿಟ್ಟ ಕೆಲಸವನ್ನು ದೂರವೂ ನೋಡುವವನ ಕಣ್ಣೂ ಸೇರಿ ಮುಗಿಸುತ್ತವೆ. ಇದರಲ್ಲಿ ಸೋಮಾರಿತನವಿಲ್ಲ, ಲೆಕ್ಕಾಚಾರವಿದೆ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಹೆಸರು ಮೈಕೆಲೇಂಜೆಲೊನದು. ಆದರೆ ಅವನ ಕಥೆ ಜನ ತಿಳಿದಷ್ಟು ಸರಳವಲ್ಲ. ಫ್ಲಾರೆನ್ಸಿನ ಅಕಾಡೆಮಿಯಾ ಸಂಗ್ರಹಾಲಯದಲ್ಲಿ ಅವನ 'ಡೇವಿಡ್' ವಿಗ್ರಹದ ಕಡೆಗೆ ನಡೆಯುವ ದಾರಿಯ ಇಕ್ಕೆಲಗಳಲ್ಲಿ 'ಸೆರೆಯಾಳುಗಳು' ಎಂಬ ನಾಲ್ಕು ಭಾರಿ ಶಿಲ್ಪಗಳಿವೆ. ಒಬ್ಬನ ಎದೆ, ತೊಡೆ ಮಾತ್ರ ಕಲ್ಲಿನಿಂದ ಹೊರಬಂದಿವೆ, ಬೆನ್ನು ಇನ್ನೂ ಬಂಡೆಯೊಳಗಿದೆ. ಇನ್ನೊಬ್ಬನ ತಲೆ ಇರಬೇಕಾದಲ್ಲಿ ಕಲ್ಲಿನ ದಿಮ್ಮಿಯೇ ಇದೆ, ಅದನ್ನು ಅವನು ಹೊತ್ತಂತೆ ಕಾಣುತ್ತದೆ. ಮೇಲ್ಮೈ ಮೇಲೆ ಹಲ್ಲುಳ್ಳ ಉಳಿಯ ಗೀರುಗಳು ಈಗಲೂ ಹೊಲದ ಸಾಲುಗಳ ಹಾಗೆ ಎದ್ದು ಕಾಣುತ್ತವೆ. ಮೈಕೆಲೇಂಜೆಲೊ ಕೆತ್ತುತ್ತಿದ್ದ ಕ್ರಮವನ್ನು ವಸಾರಿ ಚೆನ್ನಾಗಿ ಹೇಳಿದ್ದಾನೆ. ನೀರು ತುಂಬಿದ ತೊಟ್ಟಿಯಲ್ಲಿ ಮೇಣದ ಬೊಂಬೆಯೊಂದನ್ನು ಮಲಗಿಸಿ ಮೆಲ್ಲಗೆ ಮೇಲೆತ್ತಿದರೆ ಮೊದಲು ಎತ್ತರದ ಭಾಗಗಳು, ಆಮೇಲೆ ಉಳಿದ ಭಾಗಗಳು ಕಾಣಿಸುವಂತೆ, ಕಲ್ಲಿನ ಮುಂಭಾಗದಿಂದ ಒಳಕ್ಕೆ ಆಕೃತಿಯನ್ನು ಬಿಡಿಸಿಕೊಳ್ಳುತ್ತ ಹೋಗುವುದು. ಸೆರೆಯಾಳುಗಳಲ್ಲಿ ಆ ನೀರು ಅರ್ಧಕ್ಕೆ ಇಳಿದು ನಿಂತುಬಿಟ್ಟಿದೆ.

ಇದು ಬೇಕೆಂದೇ ಬಿಟ್ಟದ್ದೇ? ದಾಖಲೆಗಳನ್ನು ನೋಡಿದರೆ ಹಾಗೆ ಹೇಳುವುದು ಕಷ್ಟ. ಪೋಪ್ ಎರಡನೆಯ ಜೂಲಿಯಸ್ ತನ್ನ ಸಮಾಧಿಯನ್ನು ಕಟ್ಟಲು 1505ರಲ್ಲಿ ಮೈಕೆಲೇಂಜೆಲೊನಿಗೆ ಒಪ್ಪಿಸಿದ. ನಲವತ್ತರಷ್ಟು ಶಿಲ್ಪಗಳಿರುವ ಮಹಾಸಮಾಧಿ ಎಂಬುದು ಮೊದಲ ಯೋಜನೆ. 1513ರಲ್ಲಿ ಪೋಪ್ ತೀರಿಕೊಂಡ. ಒಪ್ಪಂದ ಮತ್ತೆ ಮತ್ತೆ ಬದಲಾಯಿತು, ಪ್ರತಿಸಲವೂ ಸಮಾಧಿ ಚಿಕ್ಕದಾಯಿತು. ಕಡೆಗೆ 1545ರಲ್ಲಿ, ನಲವತ್ತು ವರ್ಷಗಳ ಮೇಲೆ, ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಒಂದು ಗೋಡೆಗೆ ಒರಗಿದ ಸ್ಮಾರಕವಾಗಿ ಅದು ಮುಗಿಯಿತು. ಆ ಹೊಸ ಯೋಜನೆಯಲ್ಲಿ ಸೆರೆಯಾಳುಗಳಿಗೆ ಜಾಗವೇ ಇರಲಿಲ್ಲ. 1564ರಲ್ಲಿ ಮೈಕೆಲೇಂಜೆಲೊ ತೀರಿಕೊಂಡ ಮೇಲೆ ಅವನ ಸೋದರನ ಮಗ ಆ ನಾಲ್ಕನ್ನೂ ಫ್ಲಾರೆನ್ಸಿನ ದೊರೆ ಒಂದನೆಯ ಕೊಸಿಮೊನಿಗೆ ಕೊಟ್ಟ. 1580ರ ದಶಕದಲ್ಲಿ ಬೊಬೊಲಿ ಉದ್ಯಾನದ ಕೃತಕ ಗುಹೆಯೊಂದರ ನಾಲ್ಕು ಮೂಲೆಗಳಲ್ಲಿ, ಸುಣ್ಣಕಲ್ಲಿನ ತೊಂಗಲುಗಳ ನಡುವೆ, ಅವನ್ನು ನಿಲ್ಲಿಸಲಾಯಿತು. ಗುಹೆಯನ್ನು ರೂಪಿಸಿದ ಬುವೊನ್ತಾಲೆಂತಿಗೆ ಅವುಗಳ ಅಪೂರ್ಣತೆಯೇ ಅನುಕೂಲವಾಯಿತು. ಬಂಡೆಯೇ ಮನುಷ್ಯರಾಗುತ್ತಿರುವಂತೆ ಅಥವಾ ಮನುಷ್ಯರೇ ಬಂಡೆಯಾಗುತ್ತಿರುವಂತೆ ಅಲ್ಲಿ ಅವು ಕಂಡವು. ಅಕಾಡೆಮಿಯಾಕ್ಕೆ ಬಂದದ್ದು 20ನೆಯ ಶತಮಾನದ ಆದಿಯಲ್ಲಿ. ಗುಹೆಯಲ್ಲಿ ಈಗಿರುವುದು ನಕಲುಗಳು.

ಅಂದರೆ ಈ ಶಿಲ್ಪಗಳು ಮೊದಲಿಗೆ ಮುಗಿಯದ್ದು. ಅವನ್ನು ಮುಗಿಸದ್ದಾಗಿ ಮಾಡಿದವರು ಆಮೇಲಿನ ಜನ. ಇನ್ನೊಬ್ಬ ಶಿಲ್ಪಿಯನ್ನು ಕರೆದು ಪೂರ್ತಿ ಮಾಡಿಸುವುದು ದೊರೆಗೆ ಕಷ್ಟವಿರಲಿಲ್ಲ. ಹಾಗೆ ಮಾಡಿಸದೆ ಇದ್ದದ್ದರಿಂದಲೇ ಮೈಕೆಲೇಂಜೆಲೊನ ಉಳಿಯ ಗೀರುಗಳನ್ನು ನಾವು ಇಂದಿಗೂ ನೋಡಬಹುದಾಗಿದೆ. ಕಲಾವಿದನ ಉದ್ದೇಶ ಏನೇ ಇರಲಿ, ಉಳಿಸಿಕೊಂಡವರ ಸಂಯಮವೂ ಕಲೆಯ ಚರಿತ್ರೆಯ ಒಂದು ಭಾಗ.

ಆ ಸಂಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಊರಿನಲ್ಲಿ ಸಾಕ್ಷಿಯಿದೆ. ಮೈಕೆಲೇಂಜೆಲೊ ಎಪ್ಪತ್ತು ದಾಟಿದ ಮೇಲೆ ತನ್ನದೇ ಗೋರಿಗೆಂದು ಒಂದು 'ಪಿಯೆತಾ'ವನ್ನು, ಅಂದರೆ ಶಿಲುಬೆಯಿಂದ ಇಳಿಸಿದ ಯೇಸುವಿನ ದೇಹವನ್ನು ಆಪ್ತರು ಹಿಡಿದಿರುವ ಶಿಲ್ಪವನ್ನು, ಕೆತ್ತತೊಡಗಿದ. ಕೆಲವು ವರ್ಷಗಳ ನಂತರ, ಸುಮಾರು 1555ರಲ್ಲಿ, ಅದನ್ನು ತಾನೇ ಒಡೆಯಲು ಹೊರಟನೆಂದು ವಸಾರಿ ಬರೆದಿದ್ದಾನೆ. 2019ರಿಂದ 2021ರವರೆಗೆ ನಡೆದ ಸಂರಕ್ಷಣಾ ಕಾರ್ಯದಲ್ಲಿ ಆ ಕಲ್ಲಿನೊಳಗೆ ಅನೇಕ ಸಣ್ಣ ಬಿರುಕುಗಳಿರುವುದು ತಿಳಿದುಬಂತು. ಕಲ್ಲೇ ಅವನ ಕೈ ಹಿಡಿದು ನಿಲ್ಲಿಸಿರಬೇಕು. ಮುಂದೆ ತಿಬೇರಿಯೊ ಕಾಲ್ಕಾಞಿ ಎಂಬ ಶಿಷ್ಯ ತುಂಡುಗಳನ್ನು ಜೋಡಿಸಿ, ಎಡಬದಿಯ ಮಗ್ದಲೇನಾಳ ಆಕೃತಿಯನ್ನು ತಾನೇ ಪೂರ್ತಿಗೊಳಿಸಿದ. ಗುರುವಿನ ಮೇಲಿನ ಭಕ್ತಿಯಿಂದಲೇ ಮಾಡಿದ ಕೆಲಸವದು. ಈಗ ಆ ಶಿಲ್ಪದ ಚಿತ್ರವನ್ನು ಯಾರಾದರೂ ನೋಡಲಿ. ಮೇಲೆ ನಿಂತಿರುವ ಮುದುಕ ನಿಕೊದೇಮನ ಮುಖ ಒರಟಾಗಿ, ಅರ್ಧ ಮಂಜಿನಲ್ಲಿದ್ದಂತಿದೆ. ಅದು ಮೈಕೆಲೇಂಜೆಲೊನದೇ ಮುಖವೆಂದು ವಸಾರಿಯ ಕಾಲದಿಂದಲೂ ಹೇಳುತ್ತಾರೆ. ಅವನ ದುಃಖ ನೋಡುವವರನ್ನು ತಟ್ಟುತ್ತದೆ. ಪಕ್ಕದಲ್ಲಿ ನುಣ್ಣಗೆ ಹೊಳೆಯುವ ಮಗ್ದಲೇನಾ ಉಳಿದವರಿಗಿಂತ ಚಿಕ್ಕವಳಾಗಿ, ಆ ದುಃಖಕ್ಕೆ ಸಂಬಂಧವೇ ಇಲ್ಲದವಳಂತೆ ನಿಂತಿದ್ದಾಳೆ. ಇಡೀ ಶಿಲ್ಪದಲ್ಲಿ ಮುಗಿದಿರುವ ವ್ಯಕ್ತಿಯೇ ನಿರ್ಜೀವವಾಗಿ ಕಾಣುತ್ತಾಳೆ.

ಮೈಕೆಲೇಂಜೆಲೊನ ಕೊನೆಯ ಕೃತಿ ಮಿಲಾನಿನಲ್ಲಿರುವ 'ರೊಂದಾನಿನಿ ಪಿಯೆತಾ'. ಎಂಬತ್ತೆಂಟರ ವಯಸ್ಸಿನಲ್ಲಿ, ಸಾಯುವ ಕೆಲವೇ ದಿನ ಮೊದಲು ಅವನು ಅದರ ಮುಂದೆ ನಿಂತು ಕೆಲಸ ಮಾಡಿದ್ದನೆಂದು ಅವನ ಶಿಷ್ಯ ಬರೆದ ಪತ್ರದಿಂದ ತಿಳಿಯುತ್ತದೆ. ಇಲ್ಲಿ ನಡೆದಿರುವುದು ಬೇರೆಯೇ. ಸಾಕಷ್ಟು ಮುಂದುವರಿದಿದ್ದ ಶಿಲ್ಪವನ್ನು ಅವನೇ ಮತ್ತೆ ಕಡಿದು, ತಾಯಿಯ ದೇಹದಿಂದಲೇ ಮಗನ ದೇಹಕ್ಕೆ ಹೊಸ ರೂಪ ಬಿಡಿಸಿದ್ದಾನೆ. ಹಳೆಯ ರೂಪದ ನುಣುಪಾದ ತೋಳೊಂದು ಮಾತ್ರ ದೇಹದಿಂದ ಬೇರ್ಪಟ್ಟು ಪಕ್ಕದಲ್ಲಿ ಹಾಗೆಯೇ ನಿಂತಿದೆ. ಯೌವನದಲ್ಲಿ ಕೆತ್ತಿದ, ರೋಮಿನ ಸಂತ ಪೀಟರ್ ಚರ್ಚಿನಲ್ಲಿರುವ ಮೊದಲ ಪಿಯೆತಾ ಅವನ ಕೃತಿಗಳಲ್ಲೆಲ್ಲ ಅತ್ಯಂತ ನುಣುಪಾದದ್ದು, ಅವನು ಹೆಸರು ಕೆತ್ತಿದ ಒಂದೇ ಕೃತಿ. ಆ ಹೆಸರಿನ ಜೊತೆ ಅವನು ಬಳಸಿರುವ ಕ್ರಿಯಾಪದ ಪ್ಲಿನಿ ಹೇಳಿದ್ದೇ: 'ಮಾಡುತ್ತಿದ್ದನು'. ಇಪ್ಪತ್ತನಾಲ್ಕರ ಹರೆಯದಲ್ಲಿ ಬಹುಶಃ ವಿದ್ವತ್ತಿನ ಅಲಂಕಾರವಾಗಿ ಕೆತ್ತಿದ ಆ ಮಾತು ಎಂಬತ್ತೆಂಟರಲ್ಲಿ ಅವನ ಬದುಕಿನ ವರ್ಣನೆಯೇ ಆಯಿತು.

ಅವನ ಅರ್ಧಶಿಲ್ಪಗಳ ಕೀರ್ತಿ ಬೆಳೆದಂತೆ, ಅಪೂರ್ಣತೆಯೇ ಒಂದು ಶೈಲಿಯಾಯಿತು. ಫ್ರಾನ್ಸಿನ ಶಿಲ್ಪಿ ರೊದ್ಯಾಂ 1870ರ ದಶಕದಲ್ಲಿ ಇಟಲಿಗೆ ಹೋಗಿ ಮೈಕೆಲೇಂಜೆಲೊನನ್ನು ಕಂಡು ಬಂದವನು. ಸುಮಾರು 1895ರ ಅವನ 'ಚಿಂತನೆ' ಎಂಬ ಕೃತಿಯಲ್ಲಿ ಒರಟು ಕಲ್ಲಿನ ದಿಮ್ಮಿಯ ಮೇಲೆ ಒಬ್ಬ ಹೆಣ್ಣಿನ ತಲೆ ಮಾತ್ರ ಇದೆ, ಗಲ್ಲದ ಕೆಳಗೆ ಬರೀ ಕಲ್ಲು. ಅದನ್ನು ಕಲ್ಲಿನಲ್ಲಿ ಕೆತ್ತಿದವನು ರೊದ್ಯಾಂನ ಕೈಕೆಳಗಿನ ನುರಿತ ಶಿಲ್ಪಿ ವಿಕ್ತೊರ್ ಪೀಟರ್. ಯಜಮಾನ ಹೇಳಿದಲ್ಲಿಗೆ ನಿಲ್ಲಿಸಿದ. ಇದು ಪೂರ್ಣವಾಗಿ ಮುಗಿದ ಕೃತಿ. ಇಲ್ಲಿ ಅಪೂರ್ಣತೆ ಅಳತೆ ಹಾಕಿ ಮಾಡಿದ್ದು. ಸೆರೆಯಾಳುಗಳ ಮುಂದೆ ಹುಟ್ಟುವ ತಳಮಳ ಇಲ್ಲಿ ಹುಟ್ಟುವುದಿಲ್ಲವೆಂದು ಕೆಲವರು ಹೇಳಬಹುದು. ನನಗಂತೂ ಆ ತಲೆಯ ಚಿತ್ರ ಕಂಡಾಗ, ಯೋಚನೆಯಲ್ಲಿ ಮುಳುಗಿದವರಿಗೆ ಮೈಯ ಪರಿವೆ ಇರುವುದಿಲ್ಲವೆಂಬ ಮಾತು ನೆನಪಾಗುತ್ತದೆ. ಅಲ್ಲಿಗೆ ನಿಲ್ಲಿಸಿದ್ದು ಸರಿಯೆನಿಸುತ್ತದೆ.

ಬೇಕೆಂದೇ ಬಿಡುವ ಪದ್ಧತಿ ಯೂರೋಪಿನ ಸ್ವತ್ತೇನೂ ಅಲ್ಲ. ಜಪಾನಿನ ನಿಕ್ಕೊ ಊರಿನಲ್ಲಿ 17ನೆಯ ಶತಮಾನದ ತೊಷೊಗು ದೇಗುಲವಿದೆ. ಅದರ ಯೊಮೈಮೊನ್ ಎಂಬ ಮಹಾದ್ವಾರದಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಅದರ ಹನ್ನೆರಡು ಕಂಬಗಳಲ್ಲಿ ಒಂದರ ಮೇಲಿನ ಚಿತ್ತಾರ ಮಾತ್ರ ತಲೆಕೆಳಗಾಗಿದೆ. ಪರಿಪೂರ್ಣವಾದ ಮರುಕ್ಷಣದಿಂದ ಕ್ಷಯ ಆರಂಭವಾಗುತ್ತದೆ, ಆದ್ದರಿಂದ ಕಟ್ಟಡವನ್ನು ಎಂದಿಗೂ ಪೂರ್ತಿಯಾಗಲು ಬಿಡಬಾರದು ಎಂಬುದು ಅಲ್ಲಿನವರು ಕೊಡುವ ವಿವರಣೆ. ಹುಣ್ಣಿಮೆಯ ಮರುದಿನದಿಂದ ಚಂದ್ರ ಸವೆಯುವುದನ್ನು ಬಲ್ಲ ನಮಗೆ ಈ ಮಾತು ಅಪರಿಚಿತವಲ್ಲ.

ನಮ್ಮ ಸಾಹಿತ್ಯದಲ್ಲೂ ಒಂದು ದೊಡ್ಡ ನಿದರ್ಶನವಿದೆ. ಗದುಗಿನ ಕುಮಾರವ್ಯಾಸ ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹಾಡಿ, ಗದಾಪರ್ವಕ್ಕೆ ನಿಲ್ಲಿಸಿದ. ಏಕೆ ನಿಲ್ಲಿಸಿದನೆಂಬುದಕ್ಕೆ ಜನ ಐತಿಹ್ಯವೊಂದನ್ನು ಕಟ್ಟಿಕೊಂಡಿದ್ದಾರೆ: ಅಶ್ವತ್ಥಾಮನೇ ಗುಟ್ಟಾಗಿ ಬಂದು ಕಥೆ ಹೇಳುತ್ತಿದ್ದನೆಂದೂ, ಆ ಗುಟ್ಟು ಹೊರಬಿದ್ದ ದಿನ ಕಥೆ ನಿಂತಿತೆಂದೂ. ಇದೂ ಮುಗಿಯದ್ದು ಎಂದು ಹೇಳುವ ಕಥೆಯೇ. ಅವನ ಕೃತಿಯನ್ನು ಓದಿದವರಿಗೆ ಬೇರೆಯೂ ತೋರುತ್ತದೆ. ಕೌರವನು ಬಿದ್ದ ಮೇಲೆ, ಧರ್ಮರಾಯನಿಗೆ ಪಟ್ಟವಾದ ಮೇಲೆ, ಕೃಷ್ಣಕಥೆಯೆಂದು ತಾನು ಕೈಗೊಂಡದ್ದರಲ್ಲಿ ಹೇಳಬೇಕಾದದ್ದು ಮುಗಿಯಿತೆಂದು ಅವನಿಗೇ ಅನ್ನಿಸಿರಬಾರದೇಕೆ? ಮುಂದೆ ಕೃಷ್ಣದೇವರಾಯನ ಪ್ರೇರಣೆಯಿಂದ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಬರೆದ. ಅದು ಅಗತ್ಯವಾದ ಕೆಲಸವೇ, ಕಥೆಯ ಕೊನೆ ತಿಳಿಯಬೇಕೆಂಬ ಆಸೆ ತಪ್ಪಲ್ಲ. ತಿಮ್ಮಣ್ಣ ಮಾಡಿದ್ದು ಬೇರೆ ಓಲೆಗಳಲ್ಲಿ, ತನ್ನ ಹೆಸರಿನಲ್ಲಿ. ಕುಮಾರವ್ಯಾಸನ ಒಂದು ಸಾಲನ್ನೂ ಅವನು ಅಳಿಸಬೇಕಾಗಲಿಲ್ಲ. ಗಮಕಿಗಳು ಇವತ್ತಿಗೂ ಹತ್ತು ಪರ್ವಗಳ ಭಾರತವನ್ನು ಬೇರೆಯಾಗಿಯೇ ಎತ್ತಿಕೊಂಡು ಹಾಡಬಹುದು.

ಕಾವ್ಯಕ್ಕೂ ಕಲ್ಲು, ಗೋಡೆಗಳಿಗೂ ಇರುವ ವ್ಯತ್ಯಾಸ ಇದೇ. ಕಾವ್ಯಕ್ಕೆ ಮುಂದುವರಿಕೆ ಸೇರಿಸಿದರೆ ಮೂಲ ಉಳಿಯುತ್ತದೆ. ಕಲ್ಲನ್ನು ಮುಗಿಸಲು ಕಲ್ಲನ್ನೇ ಕಡಿಯಬೇಕು, ಗೋಡೆಯ ಗೆರೆಯನ್ನು ಮುಗಿಸಲು ಅದರ ಮೇಲೆಯೇ ಬಣ್ಣ ಬಳಿಯಬೇಕು. ಅಪೂರ್ಣವಾದದ್ದನ್ನು ಯಾವತ್ತು ಬೇಕಾದರೂ ಪೂರ್ತಿ ಮಾಡಬಹುದು, ಪೂರ್ತಿ ಮಾಡಿದ್ದನ್ನು ಮತ್ತೆ ಅಪೂರ್ಣ ಮಾಡಲು ಬರುವುದಿಲ್ಲ. ಬಿಟ್ಟವನ ಮನಸ್ಸು ನಮಗೆ ಖಚಿತವಾಗಿ ತಿಳಿಯದಿದ್ದಾಗ ಕಾಯುವುದೇ ಕ್ಷೇಮ. ಕಲಾವಿದ ತಾನು ಅಂದುಕೊಂಡದ್ದನ್ನು ಸಾಧಿಸಿದ ಕ್ಷಣಕ್ಕೆ ಚಿತ್ರ ಮುಗಿದಂತೆ ಎಂಬ ಅರ್ಥದ ಮಾತನ್ನು ಡಚ್ ಚಿತ್ರಕಾರ ರೆಂಬ್ರಾಂಟ್ ಆಡಿದ್ದನೆಂದು ಅವನ ಚರಿತ್ರೆ ಬರೆದ ಹೌಬ್ರಾಕನ್ 1718ರಲ್ಲಿ ದಾಖಲಿಸಿದ್ದಾನೆ. "ಇಷ್ಟು ಸಾಕು ಸಾರ್" ಎಂಬುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಒಂದನ್ನು ಆಡಿದವನು ರೆಂಬ್ರಾಂಟ್ ಆದ್ದರಿಂದ ನಾವು ಗೌರವಿಸುತ್ತೇವೆ. ಇನ್ನೊಂದನ್ನು ಆಡಿದವರು ನಮ್ಮದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದ ಡ್ರಾಯಿಂಗ್ ಮೇಷ್ಟ್ರಾದ್ದರಿಂದ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸುವರ್ಣ ಮಹೋತ್ಸವಕ್ಕೆ ಮೇಷ್ಟ್ರೂ ಬಂದಿದ್ದರು. ಸನ್ಮಾನದ ಶಾಲು ಹೊದ್ದುಕೊಂಡೇ ಜಗಲಿಗೆ ಬಂದು ಗೋಡೆಯ ಮುಂದೆ ನಿಂತರು. ನಾನು ಮೆಚ್ಚುಗೆಯ ಮಾತಿಗಾಗಿ ಕಾದೆ. "ಮುಗಿಸಿಬಿಟ್ಟಿರಾ ಸಾರ್" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಯಾವ ಮಗುವಾದರೂ ಇದು ತಾನೇ ಅಂದುಕೊಳ್ಳಲಿ ಅಂತ ಬಿಟ್ಟಿದ್ದೆ" ಎಂದು ಹೇಳಿ ಊಟದ ಪಂಕ್ತಿಯ ಕಡೆ ನಡೆದರು.

ಆಗ ನನಗೆ ನೆನಪಾಯಿತು. ಮೊದಲೆಲ್ಲ ಪ್ರತಿವರ್ಷ ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದ ಮಕ್ಕಳು ಆ ಬಿಳಿ ಮುಖದ ಮುಂದೆ ಗುಂಪು ಕಟ್ಟಿ, ಅದು ನೀನು, ಅಲ್ಲ ನಾನು ಎಂದು ಜಗಳವಾಡುತ್ತಿದ್ದರು. ಗಲಾಟೆ ಮಾಡಬೇಡಿ ಎಂದು ನಾನೇ ಎಷ್ಟೋ ಸಲ ಗದರಿಸಿ ತರಗತಿಗೆ ಅಟ್ಟಿದ್ದೆ. ಬಣ್ಣ ಬಳಿಸಿದ ಮೇಲೆ ಆ ಗಲಾಟೆ ನಿಂತಿತ್ತು. ಅದು ಏಕೆ ನಿಂತಿತೆಂದು ನಾನು ಕೇಳಿಕೊಂಡಿರಲಿಲ್ಲ.